ಒಂದೇ ಗಾಣ ಸಾಕು ಅಂತ ಹೇಳಿದ್ದು ನಾನೇ ಬರೆದ ಪ್ರಾಜೆಕ್ಟ್ ರಿಪೋರ್ಟ್

ಚಳ್ಳಕೆರೆಯಲ್ಲಿ ಮರದ ಗಾಣ ಹಾಕಬೇಕು ಅಂತ ಯಾರ ಹತ್ತಿರ ಬಾಯಿ ಬಿಟ್ಟರೂ ಮೊದಲು ಬರುತ್ತಿದ್ದ ಮಾತು ಒಂದೇ. "ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಬೇಕು, ಐದಾರು ಸಾವಿರ ಕೊಟ್ಟರೆ ಮಾಡಿಕೊಡ್ತಾರೆ, ನೀವ್ಯಾಕೆ ತಲೆ ಕೆಡಿಸಿಕೊಳ್ತೀರಿ?" ಯಾವ ಬೀಜ, ಎಷ್ಟು ಎಣ್ಣೆ, ಯಾರು ಕೊಳ್ತಾರೆ, ಹಿಂಡಿ ಎಲ್ಲಿಗೆ ಹೋಗುತ್ತೆ, ಇದನ್ನೆಲ್ಲ ಕೇಳಿದವರು ಕಡಿಮೆ. ರಿಪೋರ್ಟ್ ಅಂದರೆ ಆಧಾರ್ ಜೆರಾಕ್ಸ್ ಥರ ಫೈಲಿಗೆ ಸೇರಿಸುವ ಇನ್ನೊಂದು ಕಾಗದ, ಅಷ್ಟೇ.

ನಾನು ಮದುವೆಗೆ ಮುಂಚಿನಿಂದಲೂ ಗೊಬ್ಬರ, ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವಳು. ಲೆಕ್ಕದ ಪುಸ್ತಕ ಓದಿದರೆ ಅಂಗಡಿ ಹೇಗಿದೆ ಅಂತ ಗೊತ್ತಾಗಬೇಕು, ಇಲ್ಲಾಂದ್ರೆ ಅದು ಲೆಕ್ಕ ಅಲ್ಲ. ಹಾಗಾಗಿ ಪರಿಚಯದವರೊಬ್ಬರು ತಾವು ಗಾಣಕ್ಕೆ ಮಾಡಿಸಿದ್ದ ರೆಡಿಮೇಡ್ ರಿಪೋರ್ಟ್ ತೋರಿಸಿದಾಗ ನಾನು ಹಾಳೆ ಹಾಳೆ ಓದಿದೆ. ಬೈಂಡಿಂಗ್ ಚೆನ್ನಾಗಿತ್ತು. ಮೊದಲ ಕೆಲವು ಪುಟ ದೇಶದ ಖಾದ್ಯ ತೈಲದ ಬಗ್ಗೆ. ಆಮೇಲೆ ಕೋಷ್ಟಕಗಳು. ಮೊದಲ ವರ್ಷ ಮಷಿನ್ ತನ್ನ ಪೂರ್ತಿ ಸಾಮರ್ಥ್ಯದ 60 ಪರ್ಸೆಂಟ್ ಓಡುತ್ತದೆ, ಎರಡನೇ ವರ್ಷ 70, ಮೂರನೇ ವರ್ಷ 80. ಯಾಕೆ 60? ಅದಕ್ಕೆ ಒಂದು ಸಾಲಿನ ಉತ್ತರವೂ ಇಲ್ಲ. ಕಚ್ಚಾ ಮಾಲು ಎಲ್ಲಿಂದ ಬರುತ್ತದೆ ಅನ್ನುವಲ್ಲಿ "ಸ್ಥಳೀಯವಾಗಿ ಹೇರಳವಾಗಿ ಲಭ್ಯ" ಅಂತ ಬರೆದಿತ್ತು. ನಮ್ಮ ತಾಲೂಕಿನಲ್ಲಿ ಶೇಂಗಾ ಬಿತ್ತಿದ ಯಾರೂ ಆ ಮಾತು ಬರೆಯುವುದಿಲ್ಲ. ಇಲ್ಲಿ ಮಳೆ ಕೈಕೊಟ್ಟ ವರ್ಷ ಹಾಕಿದ ಬೀಜವೂ ವಾಪಸ್ ಮನೆಗೆ ಬರುವುದಿಲ್ಲ.

ಅವತ್ತೇ ತೀರ್ಮಾನ ಮಾಡಿದೆ, ನನ್ನ ರಿಪೋರ್ಟ್ ನಾನೇ ಬರೆಯುತ್ತೇನೆ ಅಂತ. ಬ್ಯಾಂಕಿಗಿಂತ ಜಾಸ್ತಿ ನನಗೇ ಅದು ಬೇಕಿತ್ತು. ಸಾಲ ನನ್ನ ಹೆಸರಲ್ಲಿ, ಕಂತು ಕಟ್ಟಬೇಕಾದವಳು ನಾನು. ಆ ಕಂತು ಯಾವ ದುಡ್ಡಿನಿಂದ ಬರುತ್ತದೆ ಅಂತ ನನಗೆ ಗೊತ್ತಿರಬೇಕು ಅಲ್ವಾ?

ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಕರೆಯುತ್ತಿದ್ದ ಕಾಲ ನಮ್ಮ ಮಾವನವರಿಗೆ ಚೆನ್ನಾಗಿ ನೆನಪಿದೆ. ಸಾಲು ಸಾಲು ಮಿಲ್ಲುಗಳಿದ್ದವು, ಶೇಂಗಾ ಗಾಡಿಗಳು ರಸ್ತೆ ತುಂಬ ನಿಲ್ಲುತ್ತಿದ್ದವು. ಪಾಮೋಲಿನ್ ಅಗ್ಗಕ್ಕೆ ಬರತೊಡಗಿದ ಮೇಲೆ ಅದರಲ್ಲಿ ಎಷ್ಟೋ ಬಾಗಿಲು ಹಾಕಿದವು. ಶೇಂಗಾ ಬೆಳೆಯುವ ಊರಿನವರೇ ಅಂಗಡಿಯಿಂದ ಪ್ಯಾಕೆಟ್ ಎಣ್ಣೆ ತಂದು ಒಗ್ಗರಣೆ ಹಾಕುವುದು ನನಗೆ ಮೊದಲಿಂದಲೂ ಸರಿ ಕಂಡಿಲ್ಲ. ಆದರೆ ಇದು ರಿಪೋರ್ಟಿಗೆ ಸಾಲದು. ಇಷ್ಟು ದೊಡ್ಡ ಮಿಲ್ಲುಗಳು ಮುಚ್ಚಿದ ಊರಲ್ಲಿ ನನ್ನ ಸಣ್ಣ ಗಾಣ ಹೇಗೆ ನಿಲ್ಲುತ್ತದೆ ಅನ್ನುವುದಕ್ಕೆ ಉತ್ತರ ಬೇಕಿತ್ತು.

ನಾನು ಅರ್ಜಿ ಹಾಕಿದಾಗ ಇದ್ದ ಯೋಜನೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಪಿಎಂಎಫ್‌ಎಂಇ ಅಂತ ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಯೋಜನೆ. ಕೇಂದ್ರದ ಕಡೆಯಿಂದ 35 ಪರ್ಸೆಂಟ್ ಸಬ್ಸಿಡಿ, ಹೆಚ್ಚೆಂದರೆ 10 ಲಕ್ಷ. ಅದರ ಮೇಲೆ ನಮ್ಮ ರಾಜ್ಯ 15 ಪರ್ಸೆಂಟ್ ಸೇರಿಸುತ್ತದೆ, ಹಾಗಾಗಿ ಒಟ್ಟು 50 ಪರ್ಸೆಂಟ್, ಹೆಚ್ಚೆಂದರೆ 15 ಲಕ್ಷ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ, ರಫ್ತಿಗಾಗಿ ಇರುವ ರಾಜ್ಯ ಸರ್ಕಾರದ ನಿಗಮ. ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನುವ ಪಟ್ಟಿಯಲ್ಲಿ ಚಿತ್ರದುರ್ಗಕ್ಕೆ ಸಿಕ್ಕಿರುವುದು ಶೇಂಗಾನೇ. ನಮ್ಮ ಕೈಯಿಂದ ಕನಿಷ್ಠ 10 ಪರ್ಸೆಂಟ್ ಹಾಕಬೇಕು, ಉಳಿದದ್ದು ಸಾಲ. ಅರ್ಜಿ ತುಂಬಲು ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದ್ದಾರೆ, ಅವರಿಗೆ ನಾವು ದುಡ್ಡು ಕೊಡಬೇಕಾಗಿಲ್ಲ, ಸರ್ಕಾರವೇ ಕೊಡುತ್ತದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಗೊತ್ತುಮಾಡಿಕೊಳ್ಳಿ.

ಇನ್ನೊಂದು ಮಾತು. ಸಬ್ಸಿಡಿ ಅಂದರೆ ಕೈಗೆ ಬರುವ ದುಡ್ಡಲ್ಲ. ಅದು ಸಾಲ ಕೊಟ್ಟ ಬ್ಯಾಂಕಿನಲ್ಲೇ ಪ್ರತ್ಯೇಕ ಖಾತೆಯಲ್ಲಿ ಕೂತಿರುತ್ತದೆ. ಸಾಲದ ಕೊನೇ ಕಂತು ಬಿಡುಗಡೆಯಾಗಿ 3 ವರ್ಷ ಆದ ಮೇಲೆ, ಖಾತೆ ಸರಿಯಾಗಿದ್ದು ಘಟಕ ನಡೆಯುತ್ತಿದ್ದರೆ ಆಗ ಸಾಲಕ್ಕೆ ಜಮಾ ಆಗುತ್ತದೆ. ಅದಕ್ಕೇ ನನ್ನ ಲೆಕ್ಕವನ್ನೆಲ್ಲ ಸಬ್ಸಿಡಿ ಇಲ್ಲ ಅಂದುಕೊಂಡೇ ಹಾಕಿದೆ. ಸಬ್ಸಿಡಿ ಬಂದರೆ ಮಾತ್ರ ಬದುಕುವ ಘಟಕ ನನಗೆ ಬೇಡ.

ಮೊದಲು ಕೂತಿದ್ದು ಅಡುಗೆಮನೆಯ ತಕ್ಕಡಿ ಮುಂದೆ. ಮಂಡಿಯಲ್ಲಿ ಶೇಂಗಾಕ್ಕೆ ರೇಟು ಕಟ್ಟುವಾಗ ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು, ಸುಲಿದು, ಬೀಜ ಎಷ್ಟು ತೂಗುತ್ತದೆ ಅಂತ ನೋಡುತ್ತಾರೆ. ನಾನೂ ಅದನ್ನೇ ಮಾಡಿದೆ. ನಮ್ಮ ಹೊಲದ ಕಾಯಿ 1 ಕೆಜಿ ತೂಗಿ, ಅತ್ತೆ ನಾನು ಇಬ್ಬರೂ ಕೂತು ಸುಲಿದೆವು. ಬೀಜ 680 ಗ್ರಾಂ ಬಂತು. ಪಕ್ಕದ ಊರಿನ, ಕಾಯಿ ಕಟ್ಟುವಾಗ ಮಳೆ ಬರದ ಹೊಲದ್ದು 1 ಕೆಜಿ ತಂದು ಸುಲಿದೆವು. 610 ಗ್ರಾಂ. ಎಷ್ಟೋ ಕಾಯಿ ಜೊಳ್ಳು, ಇದ್ದ ಬೀಜವೂ ಸುಕ್ಕು. ಹೊರಗಿನಿಂದ ನೋಡಿದರೆ ಎರಡೂ ರಾಶಿ ಒಂದೇ ಥರ. ಅತ್ತೆ ಸಿಪ್ಪೆ ಗುಡಿಸುತ್ತಾ ಹೇಳಿದರು, "ಕಾಯಿ ಕಿವಿ ಹತ್ರ ಅಲ್ಲಾಡಿಸಿ ನೋಡು ಕಣಮ್ಮ. ಗಲಗಲ ಅಂದ್ರೆ ಒಣಗೈತೆ, ಸದ್ದೇ ಇಲ್ಲ ಅಂದ್ರೆ ಹಸಿ ಐತೆ, ತರಬ್ಯಾಡ." ರಿಪೋರ್ಟಿನ ಖರೀದಿ ಭಾಗದಲ್ಲಿ ಅದನ್ನೂ ಬರೆದೆ. ಒಣಗದ ಕಾಯಿ ಮೂಟೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನಲ್ಲಿ ಬರುವ ಅಫ್ಲಾಟಾಕ್ಸಿನ್ ವಿಷ. ಎಣ್ಣೆ ಮಾಡುವವರು ಇದರಲ್ಲಿ ಉದಾಸೀನ ಮಾಡುವ ಹಾಗೇ ಇಲ್ಲ.

ಆಮೇಲೆ ಎಣ್ಣೆಯ ಲೆಕ್ಕ. ಮಷಿನ್ ಮಾರುವವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, 42 ಪರ್ಸೆಂಟ್, 45 ಪರ್ಸೆಂಟ್. ಅದು ಕೆಜಿಯಲ್ಲೋ ಲೀಟರಿನಲ್ಲೋ ಅಂತ ಕೇಳಿದರೆ ಉತ್ತರ ತಡವಾಗುತ್ತದೆ. ಶೇಂಗಾ ಎಣ್ಣೆ 1 ಲೀಟರ್ ಅಂದರೆ ಸುಮಾರು 910 ಗ್ರಾಂ. ಹಾಗಾಗಿ 38 ಕೆಜಿ ಎಣ್ಣೆಯೂ 41 ಚಿಲ್ಲರೆ ಲೀಟರ್ ಎಣ್ಣೆಯೂ ಒಂದೇ. ಇದನ್ನು ಬಿಡಿಸಿಕೊಳ್ಳದೆ ರಿಪೋರ್ಟ್ ಬರೆದರೆ ಕಾಗದದ ಮೇಲೆ ಎಣ್ಣೆ ತಾನಾಗಿ ಹೆಚ್ಚುತ್ತದೆ.

ಹಿರಿಯೂರು ಕಡೆ ಗಾಣ ನಡೆಸುವ ಒಬ್ಬ ಅಕ್ಕ ಇದ್ದಾರೆ. ಅವರ ಹತ್ತಿರ ನಮ್ಮದೇ 15 ಕೆಜಿ ಬೀಜ ತಗೊಂಡು ಹೋದೆ. ಒಂದು ಸಲಕ್ಕೆ ಗಾಣ ಹಿಡಿಯುವುದು ಅಷ್ಟೇ. ಬೀಜ ಹಾಕಿ ಮಷಿನ್ ಬಿಟ್ಟರು. ಸ್ವಲ್ಪ ಹೊತ್ತು ಬರೀ ಪುಡಿ ಆಯಿತು, ಆಮೇಲೆ ಕೈಯಲ್ಲಿ ಒಂದಿಷ್ಟು ಬಿಸಿನೀರು ಚಿಮುಕಿಸಿದರು, ಪುಡಿ ಉಂಡೆ ಕಟ್ಟಿಕೊಂಡು ಒರಳಿನ ಗೋಡೆಗೆ ಅಂಟಿತು, ಅದರ ಮಧ್ಯದಿಂದ ಎಣ್ಣೆ ಬಿಟ್ಟುಕೊಳ್ಳಲು ಶುರುವಾಯಿತು. "ನೀರು ಜಾಸ್ತಿ ಆದ್ರೆ ಎಣ್ಣೆ ಕೆಡುತ್ತೆ, ಕಮ್ಮಿ ಆದ್ರೆ ಎಣ್ಣೆ ಬಿಡಲ್ಲ, ಇದನ್ನ ಯಾವ ಕಂಪನಿಯವರೂ ಹೇಳಿಕೊಡಲ್ಲಮ್ಮ, ಕೈಗೆ ಬರಬೇಕು" ಅಂದರು. ಮುಕ್ಕಾಲು ಗಂಟೆ ಮೇಲಾಯಿತು ಒಂದು ಸಲ ಮುಗಿಯಲು. ಎಣ್ಣೆ ತೂಗಿದರೆ 5 ಕೆಜಿ 700 ಗ್ರಾಂ, ಹಿಂಡಿ 8 ಕೆಜಿ 700 ಗ್ರಾಂ. ಉಳಿದದ್ದು ಒರಳಿಗೆ ಅಂಟಿದ್ದು, ಆರಿ ಹೋದದ್ದು. ಎಣ್ಣೆಯನ್ನು ಮನೆಗೆ ತಂದು ತಿಳಿಯಾಗಲು ಬಿಟ್ಟೆ. ತಳದಲ್ಲಿ ಗಸಿ ನಿಂತಿತು. ಮೇಲಿನ ತಿಳಿ ಎಣ್ಣೆ ಬಟ್ಟೆಯಲ್ಲಿ ಸೋಸಿ ಅಳೆದರೆ 6 ಲೀಟರ್. ಮಾರಲು ಸಿಗುವುದು ಇದು. 100 ಕೆಜಿ ಬೀಜಕ್ಕೆ 40 ಲೀಟರ್. ನನ್ನ ರಿಪೋರ್ಟಿನ ಎಲ್ಲ ಲೆಕ್ಕಕ್ಕೂ ತಳಪಾಯ ಈ 40.

ಗಿರಾಕಿಯ ಲೆಕ್ಕಕ್ಕೆ ಬಂದಾಗ ಸಿಕ್ಕ ಉತ್ತರ ಇನ್ನೂ ಮುಖ್ಯದ್ದು. ಗಾಣದ ಎಣ್ಣೆ ಬೇಕಾ ಅಂತ ಕೇಳಿದರೆ ಎಲ್ಲರೂ ಬೇಕು ಅಂತಾರೆ. ಹಾಗೆ ಕೇಳಿದರೆ ಪ್ರಯೋಜನ ಇಲ್ಲ. ಹಾಲಿನ ಡೇರಿ ಹತ್ತಿರ ಬರುವ ಹೆಂಗಸರನ್ನು, ಸಂಘದವರನ್ನು, ಮಗಳ ಶಾಲೆಯ ಟೀಚರುಗಳನ್ನು ನಾನು ಕೇಳಿದ್ದು ಬೇರೆ: ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಮುಗಿಯುತ್ತೆ, ಈಗ ಯಾವುದು ತರ್ತೀರಿ, ಎಷ್ಟು ಕೊಡ್ತೀರಿ, ಲೀಟರ್‌ಗೆ 290 ಅಂದ್ರೆ ತಿಂಗಳಿಗೆ ಎಷ್ಟು ತಗೊಳ್ತೀರಿ? ಬೆಲೆ ಹೇಳಿದ ಕೂಡಲೇ ಮುಖ ಬದಲಾಗುತ್ತಿತ್ತು. ಪ್ಯಾಕೆಟ್ ಎಣ್ಣೆಯ ಎರಡರಷ್ಟು ಹತ್ತಿರ ಬರುತ್ತದಲ್ಲ. ಒಬ್ಬರು ನೇರವಾಗಿ ಹೇಳಿದರು, "ಕರಿಯೋಕೆ ಪ್ಯಾಕೆಟ್ಟೇ ಗತಿ, ಒಗ್ಗರಣೆಗೆ, ಚಟ್ನಿಪುಡಿಗೆ ನಿನ್ನ ಎಣ್ಣೆ ತಗೊಳ್ತೀನಿ." ಇದನ್ನು ಕೇಳಿ ನನಗೆ ಬೇಜಾರಾಗಲಿಲ್ಲ, ಬೆಳಕು ಬಂತು. ಒಂದು ಮನೆಗೆ ತಿಂಗಳಿಗೆ 3 ಲೀಟರ್ ಅಂತ ಹಿಡಿದೆ. ಬೆಲೆ ಕೇಳಿದ ಮೇಲೂ ತಗೊಳ್ತೀನಿ ಅಂದವರ ಹೆಸರು ಬರೆದುಕೊಂಡೆ. 150 ಮನೆ ಆಯಿತು. ತಿಂಗಳಿಗೆ 450 ಲೀಟರ್.

ಈಗ ಆ ರೆಡಿಮೇಡ್ ರಿಪೋರ್ಟಿನ 60 ಪರ್ಸೆಂಟ್ ಪಕ್ಕದಲ್ಲಿಟ್ಟು ನೋಡಿ. ಒಂದು ಗಾಣ ದಿನಕ್ಕೆ 8 ಸಲ ಓಡಿದರೆ 120 ಕೆಜಿ ಬೀಜ. ನನಗೆ ಬಂದ ಕೊಟೇಶನ್‌ನಲ್ಲಿದ್ದ ಹಾಗೆ ಎರಡು ಗಾಣ, ತಿಂಗಳಿಗೆ 25 ದಿನ, ಒಟ್ಟು 6,000 ಕೆಜಿ. ಅದರ 60 ಪರ್ಸೆಂಟ್ ಅಂದರೆ 3,600 ಕೆಜಿ, 1,440 ಲೀಟರ್ ಎಣ್ಣೆ. ತಿಂಗಳಿಗೆ 480 ಮನೆ ಬೇಕು, ಮೊದಲ ವರ್ಷದಲ್ಲೇ. ಆ ಮನೆಗಳು ಯಾವ ಬೀದಿಯಲ್ಲಿವೆ ಅಂತ ಬರೆದವರಿಗೆ ಗೊತ್ತಿಲ್ಲ. ಬೀದಿ ಗೊತ್ತಿಲ್ಲದ ಗಿರಾಕಿಯನ್ನು ನಂಬಿ ಸಾಲ ತೆಗೆಯುವುದು ಹೇಗೆ?

ಇನ್ನು ಒಂದು ಲೀಟರ್ ಎಣ್ಣೆ ನನಗೆ ಎಷ್ಟಕ್ಕೆ ಬೀಳುತ್ತದೆ ಅನ್ನುವುದು. ಮಂಡಿಯಲ್ಲಿ ದಿನಕ್ಕೊಂದು ರೇಟು, ಕಾಯಿ ನೋಡಿ ಇನ್ನೊಂದು ರೇಟು, ಅದಕ್ಕೇ 2024-25ರ ಬೆಂಬಲ ಬೆಲೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಕ್ವಿಂಟಲ್ ಕಾಯಿಗೆ 6,783 ರೂಪಾಯಿ. ಸಾಗಣೆ, ಸುಲಿಯುವ ಖರ್ಚು 300 ಸೇರಿಸಿದರೆ 7,083. ಒಂದು ಕ್ವಿಂಟಲ್ ಕಾಯಿಗೆ 68 ಕೆಜಿ ಬೀಜ, ಅದಕ್ಕೆ 27 ಲೀಟರಿಗೆ ಸ್ವಲ್ಪ ಮೇಲೆ ಎಣ್ಣೆ, 39 ಕೆಜಿ ಹಿಂಡಿ. ಹಿಂಡಿ ಕೆಜಿಗೆ 40ರಂತೆ 1,560 ವಾಪಸ್ ಬರುತ್ತದೆ. ಉಳಿದ ಖರ್ಚನ್ನು ಎಣ್ಣೆಗೆ ಹಂಚಿದರೆ ಲೀಟರ್‌ಗೆ 203 ರೂಪಾಯಿ. ಬಾಟಲಿ, ಲೇಬಲ್ 12. ಮಾರುವುದು 290. ಲೀಟರ್‌ಗೆ ಕೈಯಲ್ಲಿ ಉಳಿಯುವುದು 75.

ಹಿಂಡಿಯನ್ನು ಹಗುರವಾಗಿ ನೋಡಬೇಡಿ. ಹಿಂಡಿ ದುಡ್ಡು ಬರದಿದ್ದರೆ ಲೀಟರಿನ ಖರ್ಚು 57 ರೂಪಾಯಿ ಮೇಲೆ ಹೋಗುತ್ತದೆ, 75ರಲ್ಲಿ ಉಳಿಯುವುದು 18. ಎಣ್ಣೆ ಮಾರುವುದು ಹೇಗೆ ಅಂತ ಎಲ್ಲರೂ ಯೋಚಿಸ್ತಾರೆ, ಹಿಂಡಿ ಕೊಳ್ಳುವವರು ಯಾರು ಅಂತ ಯಾರೂ ಕೇಳಲ್ಲ. ಗಾಣದ ಹಿಂಡಿಯಲ್ಲಿ ಎಣ್ಣೆಯ ಅಂಶ ಇನ್ನೂ ಉಳಿದಿರುತ್ತದೆ, ಹಸು ಎಮ್ಮೆ ಕಟ್ಟಿದವರು ಇಷ್ಟಪಟ್ಟು ಒಯ್ಯುತ್ತಾರೆ. ಡೇರಿ ಹತ್ತಿರ ಎಣ್ಣೆ ಬಗ್ಗೆ ಕೇಳಿದ ಹೆಂಗಸರನ್ನೇ ಹಿಂಡಿ ಬಗ್ಗೆಯೂ ಕೇಳಿದೆ. ಎಣ್ಣೆಗೆ ಮುಖ ತಿರುಗಿಸಿದವರು ಕೂಡ ಹಿಂಡಿಗೆ ಈಗಲೇ ಹೇಳಿಟ್ಟಿರು ಅಂದರು. ಬೇಗ ಬೂಷ್ಟು ಬರುವುದರಿಂದ ತುಂಬ ದಿನ ಇಡುವಂತಿಲ್ಲ, ವಾರ ವಾರ ಖಾಲಿ ಮಾಡಬೇಕು ಅಂತ ರಿಪೋರ್ಟಿನಲ್ಲೇ ಬರೆದುಕೊಂಡೆ.

ಕೂಲಿ ಗಾಣದ ಯೋಚನೆ ಬಂದಿದ್ದೂ ಅದೇ ಹಿರಿಯೂರಿನ ಅಕ್ಕನಿಂದ. ಜನ ತಮ್ಮ ಬೀಜ ತಾವೇ ತಂದು, ಕಣ್ಣೆದುರು ಅರೆಸಿಕೊಂಡು, ಎಣ್ಣೆ ಹಿಂಡಿ ಎರಡೂ ಒಯ್ಯುತ್ತಾರೆ, ನಮಗೆ ಕೆಜಿಗೆ ಇಷ್ಟು ಅಂತ ಕೂಲಿ. ನಮ್ಮ ಕಡೆ ಕೆಜಿಗೆ 15 ರೂಪಾಯಿ ಅಂತ ಹಿಡಿದೆ. ಶೇಂಗಾ ಬೆಳೆಯುವ ತಾಲೂಕಿಗೆ ಇದಕ್ಕಿಂತ ಹೊಂದುವ ವ್ಯವಹಾರ ಇಲ್ಲ. ಕೊಳ್ಳಲು ಬಂಡವಾಳ ಬೇಡ, ಮಂಡಿ ರೇಟಿನ ಭಯ ಇಲ್ಲ, ಬಾಟಲಿ ಬೇಡ, ಮನೆಯ ಬೀಜದ ಎಣ್ಣೆ ಅನ್ನುವ ನಂಬಿಕೆ ಅವರಿಗೆ. ವರ್ಷದ ಸರಾಸರಿ ತಿಂಗಳಿಗೆ 1,000 ಕೆಜಿ ಬರಬಹುದು ಅಂತ ಬರೆದೆ, ಆದರೆ ತಿಂಗಳುವಾರು ಬಿಡಿಸಿದರೆ ಬೇರೆ ಚಿತ್ರ. ಕೊಯ್ಲಾದ ಮೇಲೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಜಾಸ್ತಿ. ಜುಲೈ ಹೊತ್ತಿಗೆ ಮನೆಯಲ್ಲಿದ್ದ ಬೀಜ ಬಿತ್ತನೆಗೆ ಹೋಗಿರುತ್ತದೆ, ಆಗ ಕೂಲಿ ಗಾಣಕ್ಕೆ ಬರುವವರು ಇರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್ ಸಾಲಿನಲ್ಲಿ ಕಂತಿಗೆ ದುಡ್ಡು ಸಾಲದೆ ಕೆಂಪು ಬಂತು. ವರ್ಷದ ಒಟ್ಟು ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ, ತಿಂಗಳು ತಿಂಗಳು ಬರೆದರೆ ಮಾತ್ರ ಕಾಣುತ್ತದೆ. ಅದಕ್ಕೆ ಜನವರಿ, ಫೆಬ್ರವರಿಯ ದುಡ್ಡಿನಿಂದ ಎರಡು ಕಂತು ಮುಂಚೆಯೇ ಬೇರೆ ಎತ್ತಿಡಬೇಕು ಅಂತ ಒಂದು ಸಾಲು ಸೇರಿಸಿದೆ.

ಈಗ ಎಲ್ಲ ಸೇರಿಸಿ ನೋಡೋಣ. ಎಣ್ಣೆಯಿಂದ 450 ಲೀಟರ್‌ಗೆ 33,750. ಕೂಲಿ ಗಾಣದಿಂದ 15,000. ಖರ್ಚು: ಶೆಡ್ ಬಾಡಿಗೆ 7,000, ಒಬ್ಬ ಆಳು 13,000, ಕರೆಂಟು 4,000, ರಿಪೇರಿ 2,000, ಓಡಾಟ ಮತ್ತು ಚಿಲ್ಲರೆ 2,000. ಒಟ್ಟು 28,000. ಉಳಿಯುವುದು 20,750. ಕಾಯಿ ಕೊಳ್ಳಲು ತೆಗೆಯುವ 4 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಮಾರಿದ ಮೇಲೆ ತುಂಬುವ) ಸಾಲದ ಬಡ್ಡಿ ಸುಮಾರು 3,700 ಕಳೆದರೆ 17,050.

ಎರಡು ಗಾಣ, ಕಾಯಿ ಸುಲಿಯುವ ಮಷಿನ್, ಸ್ಟೀಲ್ ಟ್ಯಾಂಕು, ಫಿಲ್ಟರ್, ವೈರಿಂಗ್ ಎಲ್ಲ ಸೇರಿ ನನಗೆ ಬಂದ ಕೊಟೇಶನ್ 8 ಲಕ್ಷ. ನಮ್ಮ ಪಾಲು 80,000 ಹೋದರೆ ಸಾಲ 7 ಲಕ್ಷ 20 ಸಾವಿರ. ಹತ್ತೂವರೆ ಪರ್ಸೆಂಟ್ ಬಡ್ಡಿಯಲ್ಲಿ 5 ವರ್ಷಕ್ಕೆ ಕಂತು 15,500ರ ಹತ್ತಿರ. 17,050ರಲ್ಲಿ 15,500 ಕಂತು. ಒಂದು ತಿಂಗಳು ಜ್ವರ ಬಂದು ಮಲಗಿದರೂ ಕಂತು ತಪ್ಪುತ್ತದೆ. ಬ್ಯಾಂಕಿನವರು ಡಿಎಸ್‌ಸಿಆರ್ ಅಂತ ಒಂದು ಸಂಖ್ಯೆ ನೋಡುತ್ತಾರೆ, ಕಂತಿಗೆ ಸಿಗುವ ದುಡ್ಡನ್ನು ಕಂತಿನಿಂದ ಭಾಗಿಸಿದರೆ ಬರುವುದು. ಇಲ್ಲಿ ಅದು 1.1. ಒಂದೂವರೆ ಹತ್ತಿರ ಇದ್ದರೆ ಅವರಿಗೂ ಧೈರ್ಯ, ನಮಗೂ ನಿದ್ದೆ.

ಆಮೇಲೆ ಬೀಜದ ಲೆಕ್ಕ ಮತ್ತೆ ನೋಡಿದೆ. ನನ್ನ 450 ಲೀಟರಿಗೆ ಬೇಕಾದ ಬೀಜ 1,125 ಕೆಜಿ, ಕೂಲಿಗೆ ಬರುವುದು 1,000. ಒಟ್ಟು 2,125 ಕೆಜಿ. ಒಂದು ಗಾಣವೇ ತಿಂಗಳಿಗೆ 3,000 ಕೆಜಿ ಅರೆಯುತ್ತದೆ! ಅಂದರೆ ಅದೊಂದೇ 71 ಪರ್ಸೆಂಟ್ ಓಡಿದರೆ ಸಾಕು. ಎರಡನೇ ಗಾಣಕ್ಕೆ ಕೆಲಸವೇ ಇಲ್ಲ. ಅದನ್ನು ತೆಗೆದುಹಾಕಿದೆ. ಯೋಜನೆಯ ಖರ್ಚು 5 ಲಕ್ಷ 50 ಸಾವಿರಕ್ಕೆ ಇಳಿಯಿತು, ಸಾಲ 4 ಲಕ್ಷ 95 ಸಾವಿರ, ಕಂತು 10,640. ಡಿಎಸ್‌ಸಿಆರ್ 1.6. ಕಂತು ಕಟ್ಟಿ ತಿಂಗಳಿಗೆ 6,400 ಉಳಿಯುತ್ತದೆ. ಅದನ್ನು ಲಾಭ ಅಂತ ಬರೆಯಲಿಲ್ಲ, ನನ್ನ ಕೂಲಿ ಅಂತ ಬರೆದೆ. ಹೆಂಗಸರು ನಡೆಸುವ ಘಟಕಗಳ ರಿಪೋರ್ಟಿನಲ್ಲಿ ನಡೆಸುವವಳ ದುಡಿಮೆಗೆ ಒಂದು ಸಾಲೂ ಇರುವುದಿಲ್ಲ, ಅದು ನನಗೆ ತುಂಬ ನೋವಿನ ವಿಷಯ. ಕಡಿಮೆ ಇರಲಿ, ಆದರೆ ಅದರ ಹೆಸರು ಕೂಲಿ ಅಂತಲೇ ಇರಲಿ.

ಕೊಟೇಶನ್ ಕೊಟ್ಟವರಿಗೆ ಇದು ಇಷ್ಟ ಆಗಲಿಲ್ಲ. "ಅರ್ಧ ಸಬ್ಸಿಡಿ ಬರುವಾಗ ಯಾಕೆ ಮೇಡಂ ಚಿಕ್ಕದು ಹಾಕ್ತೀರಿ, ಎರಡಲ್ಲ, ಮೂರು ಹಾಕಿ" ಅಂದರು. ನಮ್ಮ ಮನೆಯವರೂ ಒಂದು ಕ್ಷಣ ಆ ಕಡೆ ವಾಲಿದರು. ಇಂಥ ಮಾತಿಗೆ ಬಿದ್ದು, ಓಡದ ಮಷಿನ್ನಿಗೆ ಕಂತು ಕಟ್ಟುತ್ತಾ ಕೂತವರನ್ನು ನಾವಿಬ್ಬರೂ ನೋಡಿದ್ದೇವೆ. ರಾತ್ರಿ ಕೂತು ಅವರಿಗೆ ಎರಡೂ ಹಾಳೆ ತೋರಿಸಿದೆ. "ಸರಿ, ಒಂದೇ ಸಾಕು" ಅಂತ ಅವರೇ ಅಂದರು.

ನಷ್ಟ ಆಗದ ಹಾಗೆ ನಿಲ್ಲಲು ತಿಂಗಳಿಗೆ ಎಷ್ಟು ಮಾರಬೇಕು ಅನ್ನುವುದೂ ಈಗ ಸುಲಭ. ಖರ್ಚು, ಬಡ್ಡಿ, ಕಂತು ಎಲ್ಲ 42,340. ಕೂಲಿಯ 15,000 ಕಳೆದು ಉಳಿದದ್ದನ್ನು 75ರಿಂದ ಭಾಗಿಸಿದರೆ 365 ಲೀಟರ್. ಹೆಚ್ಚು ಕಡಿಮೆ 122 ಮನೆ. ನನ್ನ ಪಟ್ಟಿಯ 150ರಲ್ಲಿ 28 ಮನೆ ಬಿಟ್ಟುಹೋದರೂ ತಡೆದುಕೊಳ್ಳಬಹುದು.

ತಡೆದುಕೊಳ್ಳಲು ಆಗದ್ದು ಕಾಯಿಯ ಬೆಲೆ. ಕ್ವಿಂಟಲ್‌ಗೆ 7,500 ಆದರೆ ಲೀಟರಿನ ಉಳಿಕೆ 75ರಿಂದ 49ಕ್ಕೆ ಇಳಿಯುತ್ತದೆ, ಕಂತೇ ಹೊರಡುವುದಿಲ್ಲ. ಈ ಕೋಷ್ಟಕ ಹಾಕುವಾಗ ಒಂದು ಸೂತ್ರ ಸಿಕ್ಕಿತು. ಕಾಯಿ ಕ್ವಿಂಟಲ್‌ಗೆ 100 ರೂಪಾಯಿ ಏರಿದರೆ ಎಣ್ಣೆ ಲೀಟರ್‌ಗೆ 3 ರೂಪಾಯಿ 70 ಪೈಸೆ ಏರಿಸಬೇಕು. ರಟ್ಟಿನ ಮೇಲೆ ದಪ್ಪಗೆ ಬರೆದು ಇಟ್ಟುಕೊಂಡಿದ್ದೇನೆ, ಗಿರಾಕಿ ಬೆಲೆ ಯಾಕೆ ಏರಿತು ಅಂದರೆ ಅದನ್ನೇ ತೋರಿಸುತ್ತೇನೆ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ನವೆಂಬರ್ ದುಡ್ಡು. ಕಾಯಿ ಸಿಗುವುದು ಕೊಯ್ಲಿನ ಎರಡು ಮೂರು ತಿಂಗಳಲ್ಲಿ, ಎಣ್ಣೆ ಮಾರುವುದು ವರ್ಷ ಪೂರ್ತಿ. ತಿಂಗಳಿಗೆ ಹದಿನಾರೂವರೆ ಕ್ವಿಂಟಲ್ ಕಾಯಿ ಬೇಕು, 1 ಲಕ್ಷ 12 ಸಾವಿರದ ಮಾಲು. ವರ್ಷಕ್ಕೆ ಒಂದೇ ಸಲ ಕೊಂಡಿಡಲು ಹದಿಮೂರೂವರೆ ಲಕ್ಷ ಬೇಕು, ಅದು ನಮ್ಮ ಕೈಲಾಗದ ಮಾತು. ಮೂರೂವರೆ ತಿಂಗಳ ಮಾಲಿಗೆ ಸಿಸಿ ಸಾಲದ 4 ಲಕ್ಷ, ನಮ್ಮ 6 ಎಕರೆಯಲ್ಲಿ ಬೆಳೆದದ್ದರಲ್ಲಿ ಬಿತ್ತನೆಗೆ ಬಿಟ್ಟು ಉಳಿದದ್ದು, ಆಮೇಲೆ ತಿಂಗಳು ತಿಂಗಳು ಖರೀದಿ ಅಂತ ಹೊಂದಿಸಿದೆ. ಬೀಜ ಮಾಡಿ ಇಡುವುದಕ್ಕಿಂತ ಕಾಯಿಯಾಗಿಯೇ ಇಡುವುದು ಒಳ್ಳೆಯದು, ಸಿಪ್ಪೆ ಇದ್ದರೆ ಬಾಳಿಕೆ ಜಾಸ್ತಿ. ಆದರೆ ಕಾಯಿ ಜಾಗ ಜಾಸ್ತಿ ತಿನ್ನುತ್ತದೆ, ಆದ್ದರಿಂದ ಶೆಡ್ ದೊಡ್ಡದು ಬೇಕು. ಹೀಗೆ ಒಂದು ಸಾಲು ಬದಲಾದರೆ ಇನ್ನೆಲ್ಲೋ ಇನ್ನೊಂದು ಸಾಲು ಬದಲಾಗುತ್ತದೆ, ಬೇರೆಯವರ ಕೈಲಿ ಬರೆಸಿದರೆ ಈ ಕೊಂಡಿಗಳು ನಮಗೆ ಕಾಣುವುದೇ ಇಲ್ಲ.

ಉಳಿದದ್ದು ಓಡಾಟದ ಕೆಲಸ. ಹೊಲದಲ್ಲೇ ಶೆಡ್ ಹಾಕೋಣ ಅಂದರೆ ಭೂ ಪರಿವರ್ತನೆ ಆಗಬೇಕು, ಮೇಲಾಗಿ ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ, ಅದಕ್ಕೇ ಊರಂಚಿನಲ್ಲಿ ಬಾಡಿಗೆ ಶೆಡ್. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನಲ್ಲಿ ಆಗ ವರ್ಷಕ್ಕೆ 12 ಲಕ್ಷದ ವಹಿವಾಟಿನವರೆಗೆ ಬರೀ ನೋಂದಣಿ, ಅದರ ಮೇಲೆ ಲೈಸೆನ್ಸ್. ನನ್ನ ಲೆಕ್ಕದಲ್ಲಿ ಹದಿನೈದು ಲಕ್ಷ ದಾಟುತ್ತಿತ್ತು, ಹಾಗಾಗಿ ಲೈಸೆನ್ಸೇ ಮಾಡಿಸಿದೆ. ಖಾದ್ಯ ಎಣ್ಣೆಯನ್ನು ಸಡಿಲವಾಗಿ ಮಾರುವುದಕ್ಕೆ 2011ರ ನಿಯಮಗಳಲ್ಲಿ ನಿರ್ಬಂಧ ಇದೆ, ಪ್ಯಾಕ್ ಮಾಡಿ ಲೇಬಲ್ ಹಚ್ಚಬೇಕು. ಬಾಟಲಿಗೆ ಅಂತ ಬರೆದ 12 ರೂಪಾಯಿ ಅದಕ್ಕೇ. ಲೇಬಲ್ ಮಾಡಿಕೊಡುವ ಹುಡುಗ "ಕೊಲೆಸ್ಟ್ರಾಲ್ ಇಲ್ಲ ಅಂತ ದೊಡ್ಡದಾಗಿ ಹಾಕೋಣ ಅಕ್ಕ" ಅಂದ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ, ಹಾಕುವುದು ಬೇಡಪ್ಪ, ಕಾಯಿ ಯಾವ ಊರಿಂದು, ಯಾವತ್ತು ಅರೆದಿದ್ದು ಅಂತ ಹಾಕು ಅಂದೆ.

ಬ್ಯಾಂಕಿನಲ್ಲಿ ಮ್ಯಾನೇಜರ್ ರಿಪೋರ್ಟ್ ತಿರುವಿದರು. ತೆಳ್ಳಗಿತ್ತು, ದೇಶದ ಎಣ್ಣೆಯ ಪುಟಗಳು ಇರಲಿಲ್ಲವಲ್ಲ. "ಎಲ್ಲರೂ 60 ಪರ್ಸೆಂಟಿನಿಂದ ಶುರು ಮಾಡ್ತಾರೆ, ನೀವು 71 ಹಾಕಿದ್ದೀರಲ್ಲಮ್ಮ, ಹೇಗೆ?" ಅಂತ ಕೇಳಿದರು. ಒಂದೇ ಗಾಣ ಸಾರ್, ಅದಕ್ಕೆ, ಅಂತ 150 ಮನೆಯ ಪಟ್ಟಿ, 15 ಕೆಜಿಯ ತೂಕ, ಹಿಂಡಿಗೆ ಹೇಳಿಟ್ಟವರ ಪಟ್ಟಿ ತೆಗೆದು ಮುಂದಿಟ್ಟೆ. ಆಗಸ್ಟ್‌ನ ಕೆಂಪು ಸಾಲನ್ನು ಬೆರಳಿಟ್ಟು ತೋರಿಸಿ, "ಇದನ್ನ ಯಾಕೆ ಹಾಗೇ ಬಿಟ್ಟಿದ್ದೀರಿ? ಸಾಮಾನ್ಯವಾಗಿ ಯಾರೂ ತೋರಿಸಲ್ಲ" ಅಂದರು. ಆ ತಿಂಗಳು ಬಂದೇ ಬರುತ್ತೆ ಸಾರ್, ಅದಕ್ಕೆ ಕೆಳಗಡೆ ಎತ್ತಿಡುವ ದುಡ್ಡೂ ಬರೆದಿದ್ದೀನಿ ಅಂದೆ. ಅವರು ಕೇಳಿದ ಯಾವ ಪ್ರಶ್ನೆಗೂ ಬೇರೆ ಯಾರಿಗೋ ಫೋನ್ ಮಾಡಬೇಕಾಗಲಿಲ್ಲ. ಕಾಗದಪತ್ರಕ್ಕೆ ಮತ್ತೆ ಒಂದಿಷ್ಟು ಸಲ ಕರೆಸಿದರು, ಸಿಸಿ ಮಿತಿಯನ್ನು ಒಮ್ಮೆಲೇ ಕೊಡದೆ ಅರ್ಧ ಅರ್ಧವಾಗಿ ಬಿಟ್ಟರು, ಆದರೆ ಸಾಲ ಮಂಜೂರಾಯಿತು.

ಗಾಣ ಈಗ ಓಡುತ್ತಿದೆ. ರಿಪೋರ್ಟ್ ಫೈಲಿಗೆ ಹೋಗಿ ಕೂತಿಲ್ಲ, ಪ್ರತಿ ತಿಂಗಳ ಕೊನೆಗೆ ಬರೆದದ್ದರ ಪಕ್ಕದ ಕಾಲಂನಲ್ಲಿ ಆದದ್ದನ್ನು ಬರೆಯುತ್ತೇನೆ. 2025-26ಕ್ಕೆ ಬೆಂಬಲ ಬೆಲೆ 7,263 ಆದಾಗ ಸೂತ್ರದ ಪ್ರಕಾರ ಲೀಟರ್‌ಗೆ 18 ರೂಪಾಯಿ ಏರಿಸಿದೆ, ರಟ್ಟು ತೋರಿಸಿದ ಮೇಲೆ ಹೆಚ್ಚಿನವರು ಒಪ್ಪಿದರು. ಕೂಲಿ ಗಾಣಕ್ಕೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ಬರುತ್ತಿದ್ದಾರೆ, ಬಾಟಲಿ ಎಣ್ಣೆ ಅಂದಾಜಿನ ಹತ್ತಿರ ಹತ್ತಿರ ಇದೆ.

ಈಗ ಕೂತಿರುವುದು ಆ ಆಗಸ್ಟ್, ಸೆಪ್ಟೆಂಬರ್ ಸಾಲು ತುಂಬಿಸಲು. ನಮ್ಮ ಕಡೆ ಹಿಂದೆ ಹುಚ್ಚೆಳ್ಳು ಎಣ್ಣೆಗೆ ತುಂಬ ಬೆಲೆ ಇತ್ತು, ವಯಸ್ಸಾದವರು ಈಗಲೂ ಕೇಳಿಕೊಂಡು ಬರುತ್ತಾರೆ. ಹುಚ್ಚೆಳ್ಳನ್ನು ಮರದ ಗಾಣಕ್ಕೆ ಹಾಕಿ ನೋಡಿದವರು ಯಾರಾದರೂ ಇದ್ದರೆ, 15 ಕೆಜಿಗೆ ತಿಳಿ ಎಣ್ಣೆ ಎಷ್ಟು ಲೀಟರ್ ಬಂತು, ಹಿಂಡಿ ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಅಂತ ದಯವಿಟ್ಟು ತಿಳಿಸಿ. ಕೆಜಿಯಲ್ಲೋ ಲೀಟರಿನಲ್ಲೋ ಅನ್ನುವುದನ್ನೂ ಬರೆಯಿರಿ.